ಅತ್ತೆ ಬೇಯಿಸಿದ ಹಂದಿ ಬಾಡು

ಹಂದಿ ತಿನ್ನದವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅನುಮಾನ. ಸಿಟ್ಟು ಅಂತಲೇ ಇಟ್ಟುಕೊಳ್ಳಿ. ಮಾಗಡಿ ಕಡೆಯ ನನ್ನ ತವರಿನಲ್ಲಿ ಭಾನುವಾರ ಎಂದರೆ ಹಂದಿ ಬಾಡು. ಬೆಳಗ್ಗೆಯೇ ಅಪ್ಪ ಮುತ್ತುಗದೆಲೆಯಲ್ಲಿ ಕಟ್ಟಿಸಿಕೊಂಡು ತರುತ್ತಿದ್ದರು, ಅವ್ವ ಹಿತ್ತಲ ಒಲೆಯ ಮೇಲೆ ಏರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಹೋಗುವವರು "ಏನವ್ವ, ಜೋರಾ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ನೆಣ ಕರಗಿದ ಆ ಸಾರಿನಲ್ಲಿ ಬಿಸಿ ಮುದ್ದೆ ಅದ್ದಿ ನುಂಗಿದವರಿಗೆ ಬೇರೆ ಮಾಂಸವೆಲ್ಲ ಸಪ್ಪೆ ಅನ್ನುವುದು ನನ್ನ ಇವತ್ತಿನ ಅಭಿಪ್ರಾಯವೂ ಹೌದು.

ತಿನ್ನದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ನನ್ನ ಸೋದರಮಾವನ ಮನೆದೇವರು ನರಸಿಂಹ. ವರಾಹ ಆಗಿ ಬಂದವನೂ ಅವನೇ, ದೇವರನ್ನೇ ತಪ್ಪಲೆಗೆ ಹಾಕುವುದೇ ಎನ್ನುತ್ತಿದ್ದರು. ಮೀನೂ ಅವತಾರವೇ ಅಲ್ವಾ ಮಾವ ಎಂದು ನಾನು ಕೆಣಕಿದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ, ಕೆರೆಮೀನನ್ನು ಮುಳ್ಳು ಸಮೇತ ಮುಗಿಸುತ್ತಿದ್ದರು. ಪಕ್ಕದ ಮನೆ ಹುಡುಗಿಗೆ ಹಂದಿ ಚರಂಡಿಯಲ್ಲಿ ಹೊರಳುವುದನ್ನು ಕಂಡು ಹೇಸಿಗೆ. ನನ್ನ ಚಿಕ್ಕಮ್ಮನ ಮಗಳು ಅದನ್ನು ಕಟ್ಟಿಹಾಕುವಾಗ ಅದು ಕಿರುಚಿದ್ದನ್ನು ಒಮ್ಮೆ ಕೇಳಿ ಬಿಟ್ಟಳು. ಶಾಲೆಯ ಹತ್ತಿರದ ಮನೆಯವರು ಮೊಟ್ಟೆಯನ್ನೂ ಮುಟ್ಟದವರು, ಅವರ ಮಾತು ಬೇರೆ. ಇವರೆಲ್ಲರ ಕಾರಣಗಳನ್ನೂ ನಾನು ಕೇಳಿಸಿಕೊಳ್ಳುತ್ತಿದ್ದೆ, ಅವರ ಪಾಲಿನ ತುಂಡುಗಳನ್ನೂ ತಿನ್ನುತ್ತಿದ್ದೆ.

ಇಂಥ ನಾನು ಮದುವೆಯಾಗಿ ಬಂದದ್ದು ಚನ್ನಪಟ್ಟಣ ತಾಲ್ಲೂಕಿನ, ಬೈರಾಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿಗೆ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಅತ್ತೆ, ಗಂಡ, ನಾನು ಅಷ್ಟೇ. ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ವರ್ಷಗಳು ಅವು. ಹೊಲಗಳಿಗೆ ಬೇಲಿ ಬೀಳುತ್ತಿತ್ತು, ಬೇಲಿಯ ಒಳಗೆ ಒಂದೇ ವರ್ಷದಲ್ಲಿ ತಗಡಿನ ದೊಡ್ಡ ಶೆಡ್ಡು ನಿಲ್ಲುತ್ತಿತ್ತು. ನನ್ನ ಗಂಡ ಬಿಡದಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಅತ್ತೆ ಮಾತ್ರ ಹಿಪ್ಪುನೇರಳೆ ತೋಟ ಬಿಟ್ಟಿರಲಿಲ್ಲ. ಸೊಪ್ಪು ಕೊಯ್ಯುವುದು, ಹುಳಕ್ಕೆ ಹಾಕುವುದು, ತಟ್ಟೆ ಬದಲಿಸುವುದು, ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವುದು ಎಲ್ಲ ಅವರದೇ. ಆಳು ಸಿಕ್ಕರೆ ಸರಿ, ಸಿಗದಿದ್ದರೆ ಇನ್ನೂ ಸರಿ ಅನ್ನುವ ಜಾತಿಯ ಹೆಂಗಸು.

ಅವರು ಹಂದಿ ತಿನ್ನುತ್ತಿರಲಿಲ್ಲ. ಕುರಿ, ಕೋಳಿ, ಮೀನು ಎಲ್ಲ ಆಗುತ್ತಿತ್ತು. ಮಗ ತಿನ್ನುವುದಕ್ಕೆ ಅಡ್ಡ ಬರುತ್ತಿರಲಿಲ್ಲ, ಆದರೆ ಮಾಂಸ ಮನೆಯೊಳಗೆ ಬರಕೂಡದು. ನನ್ನ ಗಂಡ, ಅವರ ಗೆಳೆಯರು ತೋಟದ ಮೋಟರ್ ಮನೆಯ ಹತ್ತಿರ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದರು. ಅದಕ್ಕೆಂದೇ ಒಂದು ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆ ಅಲ್ಲೇ ಬೋರಲಾಗಿ ಬಿದ್ದಿರುತ್ತಿತ್ತು. ಅತ್ತೆ ಯಾಕೆ ತಿನ್ನುವುದಿಲ್ಲ ಎಂದು ಗಂಡನನ್ನು ಕೇಳಿದರೆ, "ದೇವ್ರಿಗೆ ಏನೋ ಹರಕೆ ಇರ್ಬೇಕು, ನಾನು ಹುಟ್ಟಿದಾಗಿಂದ ನೋಡಿಲ್ಲ" ಎಂದರು. ಊರಿನಲ್ಲೂ ಅದೇ ಮಾತು. ನಾನೂ ಸುಮ್ಮನಾದೆ. ತಿನ್ನಬೇಕೆನಿಸಿದಾಗ ತವರಿಗೆ ಹೋಗಿ ತಿಂದು ಬರುತ್ತಿದ್ದೆ.

ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ಮರುವರ್ಷ ಮತ್ತೆ ನಿಂತಾಗ ಮನೆಯವರೆಲ್ಲ ಜೋರಾಗಿ ಉಸಿರಾಡುವುದಕ್ಕೂ ಹೆದರುತ್ತಿದ್ದೆವು. ಆದರೆ ವಾಂತಿ ನಿಲ್ಲಲಿಲ್ಲ. ಎಲ್ಲರಿಗೂ ಮೂರು ತಿಂಗಳಿಗೆ ನಿಲ್ಲುತ್ತದೆ ಎನ್ನುತ್ತಾರೆ, ನನಗೆ ನಾಲ್ಕು ಕಳೆದು ಐದಕ್ಕೆ ಬಿದ್ದರೂ ಅನ್ನ, ಮುದ್ದೆ, ಗಂಜಿ, ಎಳನೀರು ಏನೂ ಒಳಗೆ ನಿಲ್ಲುತ್ತಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಚನ್ನಪಟ್ಟಣದ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ಮುಖ ಗಂಟಿಕ್ಕಿದರು. ಮಗು ಬೆಳೆಯುತ್ತಿಲ್ಲ, ಹೀಗೇ ಆದರೆ ಇದೂ ಉಳಿಯುವುದು ಕಷ್ಟ, ಏನು ನಿಲ್ಲುತ್ತದೋ ಅದನ್ನು ತಿನ್ನಲಿ, ಓಡಾಟ ಬೇಡ ಎಂದರು. ಅತ್ತೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು.

ನನಗೆ ಏನು ಬೇಕಿತ್ತು ಅಂತ ನನಗೆ ಗೊತ್ತಿತ್ತು. ಕಣ್ಣು ಮುಚ್ಚಿದರೆ ಅವ್ವನ ಹಿತ್ತಲ ಒಲೆಯ ವಾಸನೆ ಬರುತ್ತಿತ್ತು, ಆ ವಾಸನೆ ಬಂದಾಗ ಮಾತ್ರ ಹೊಟ್ಟೆ ತೊಳಸುತ್ತಿರಲಿಲ್ಲ. ಆದರೆ ತವರಿಗೆ ಹೋಗುವಂತಿಲ್ಲ. ಹೆದ್ದಾರಿ ಅಗಲ ಮಾಡಲು ರಸ್ತೆಯನ್ನೆಲ್ಲ ಅಗೆದು ಹಾಕಿದ್ದರು, ಆ ಹಳ್ಳದಲ್ಲಿ ಬಸ್ಸು ಎತ್ತಿಹಾಕುವ ರೀತಿಗೆ ಗಟ್ಟಿ ಆಳುಗಳೇ ಸೊಂಟ ಹಿಡಿದುಕೊಳ್ಳುತ್ತಿದ್ದರು. ಅವ್ವನಿಗೆ ಮಂಡಿ ನೋವು, ಅವಳೂ ಬರುವಂತಿರಲಿಲ್ಲ. ಗಂಡನಿಗೆ ಮೆಲ್ಲಗೆ ಹೇಳಿದೆ. ಅವರು ರಸ್ತೆ ಬದಿಯಲ್ಲಿ ಫ್ಯಾಕ್ಟರಿಯವರಿಗಾಗಿಯೇ ಹುಟ್ಟಿಕೊಂಡಿದ್ದ ಒಂದು ಹೋಟೆಲಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದು ಜಗಲಿಯಲ್ಲೇ ಬಿಚ್ಚಿದರು. ಬರೀ ಖಾರದಪುಡಿ, ಕೆಂಪು ಬಣ್ಣ. ಬಾಯಿಗಿಟ್ಟ ತಕ್ಷಣ ಕರುಳೇ ಹೊರಗೆ ಬರುವ ಹಾಗೆ ವಾಂತಿಯಾಯಿತು.

ಸೊಪ್ಪಿನ ಹೊರೆ ಇಳಿಸುತ್ತಿದ್ದ ಅತ್ತೆ ಅದನ್ನು ನೋಡಿದರು. ಕವರನ್ನೂ ನೋಡಿದರು.

"ಅವಳಿಗೆ ಅದೇ ಬೇಕಂತೇನ್ಲಾ?" ಎಂದು ಮಗನನ್ನು ಕೇಳಿದರು.

"ಊಂ ಕಣವ್ವ. ಬ್ಯಾರೆ ಏನೂ ಒಳಕ್ಕೆ ಹೋಯ್ತಿಲ್ಲ. ಅವರವ್ವ ಮಾಡ್ದಂಗೆ ಆಗ್ಬೇಕಂತೆ."

ಅತ್ತೆ ನನಗೆ ನೀರು ತಂದುಕೊಟ್ಟು, ಜಗಲಿ ತೊಳೆದು, ಕೈಯೊರೆಸಿಕೊಂಡು ನಿಂತರು. "ನಾಳೆ ನಿಂಗೆ ಯಾವ ಶಿಫ್ಟು?" ಎಂದರು. "ಸೆಕೆಂಡು" ಎಂದರು ಇವರು. "ಹಂಗಾದ್ರೆ ಬೆಳಿಗ್ಗೆ ನಿನ್ನ ಗಾಡೀಲಿ ನನ್ನ ಕರ್ಕೊಂಡೋಗು. ಆ ಮಾಂಸ ಎಲ್ಲಿಂದ ಬತ್ತದೆ, ಅದು ಏನು ತಿಂತದೆ, ನಾನು ನೋಡ್ಬೇಕು."

ಆ ಪ್ರಯಾಣದ ವರದಿಯನ್ನು ಗಂಡ ಬಂದು ನಗುತ್ತ ಒಪ್ಪಿಸಿದರು. ಊರೊಳಗೆ ಹಂದಿ ಅಲೆಯುವ ಕಾಲ ಮುಗಿದಿತ್ತು. ರಾಮನಗರದ ಆಚೆ ಒಬ್ಬರು ಸಿಮೆಂಟಿನ ಕೊಟ್ಟಿಗೆ ಕಟ್ಟಿ ಸಾಕುತ್ತಿದ್ದರು. ಫ್ಯಾಕ್ಟರಿ ಕ್ಯಾಂಟೀನುಗಳಲ್ಲಿ ಮಿಕ್ಕ ಅನ್ನ ಸಾಂಬಾರನ್ನು ಡ್ರಮ್ಮಿನಲ್ಲಿ ತಂದು ಹಾಕುತ್ತಿದ್ದರು. "ಅಷ್ಟು ಅನ್ನ ನೋಡಿ ಅವ್ವ ನನ್ ಮ್ಯಾಲೇ ತಿರುಗ್ತು ಕಣೇ. ತಟ್ಟೇಲಿ ಅನ್ನ ಬುಟ್ಟು ಎದ್ದೇಳ್ತೀಯೇನ್ಲಾ ಅಂತ ಹಂದಿ ಮುಂದೆ ನಿಲ್ಲಿಸಿ ಬಯ್ತು. ಆಮೇಲೆ ಕೊಟ್ಟಿಗೆಯವನ್ನ ಕೇಳ್ತು, ಇಲ್ಲಿ ಸೊಳ್ಳೆ ಐತಾ ಅಂತ. ಹಂದಿ ಕೊಟ್ಟಿಗೇಲಿ ಸೊಳ್ಳೆ ಇರ್ದೆ ಗಿಳಿ ಇರ್ತದಾ?" ಎಂದರು. ಸೊಳ್ಳೆಯ ಮಾತಿಗೆ ನಾನೂ ನಕ್ಕೆ. ಕೊಟ್ಟಿಗೆಯವನು ಮಾತ್ರ ನಗದೆ, ದಿನಾ ತೊಳೆಯುತ್ತೇವೆ, ಸುತ್ತ ನೀರು ನಿಲ್ಲಲು ಬಿಡುವುದಿಲ್ಲ, ಬೇಕಾದರೆ ನೋಡಿ ಎಂದನಂತೆ. ಅತ್ತೆ ಕೊಟ್ಟಿಗೆಯನ್ನು ಸುತ್ತು ಹಾಕಿ ಚರಂಡಿಯವರೆಗೂ ಹೋಗಿ ನೋಡಿ ಬಂದರಂತೆ.

ಇನ್ನೊಂದು ತೊಡಕಿತ್ತು. ಹುಳಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಈ ಕೊನೆಯ ಜ್ವರ ಎದ್ದ ಮೇಲೆ ಅವು ಹಗಲೂ ಇರುಳೂ ಮೇಯುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಆ ದಿನಗಳಲ್ಲಿ ಮನೆಯಲ್ಲಿ ಒಗ್ಗರಣೆಯ ಚಟಪಟವೂ ಕೇಳಿಸಬಾರದು. ಊದುಬತ್ತಿ ಇಲ್ಲ, ಮೀನಿಲ್ಲ, ಬೀಡಿ ಸೇದಿದವರಿಗೆ ಒಳಗೆ ಪ್ರವೇಶವಿಲ್ಲ. ವಾಸನೆ ತಗುಲಿದರೆ ಹುಳ ಮೇವು ಬಿಡುತ್ತದೆ ಎನ್ನುವುದು ಅತ್ತೆಯ ಗಟ್ಟಿ ನಂಬಿಕೆ. ಅಂಥದ್ದರಲ್ಲಿ ಇನ್ನೊಂದು ವಾರ ಕಾಯೋಣ ಎಂದು ಅವರು ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಅನ್ನಲಿಲ್ಲ. ಮರುದಿನ ನಸುಕಿಗೇ ಎದ್ದು ಹುಳಕ್ಕೆ ಎರಡು ಹೊತ್ತಿನ ಸೊಪ್ಪು ಕೊಯ್ದಿಟ್ಟು, ಪಕ್ಕದ ಮನೆಯ ಹೆಂಗಸನ್ನು ಹುಳದ ಮನೆಗೆ ಕಾವಲು ಬಿಟ್ಟು, ನನ್ನನ್ನು ನಿಧಾನವಾಗಿ ನಡೆಸಿಕೊಂಡು ಮೋಟರ್ ಮನೆಗೆ ಬಂದರು. ನನಗೆ ಮಾವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಟ್ಟರು.

ಗಂಡಸರು ಬಳಸುತ್ತಿದ್ದ ಪಾತ್ರೆಯನ್ನು ಮಣ್ಣು ಹಾಕಿ ಉಜ್ಜಿದ ರೀತಿ ನೋಡಬೇಕಿತ್ತು, ಅದಕ್ಕೂ ಬಿಳಿ ಬಣ್ಣ ಇದೆ ಎಂದು ಆವತ್ತೇ ಗೊತ್ತಾದದ್ದು. ಆ ಕೊಟ್ಟಿಗೆಯಿಂದ ಗಂಡ ತಂದಿದ್ದ ಮಾಂಸವನ್ನು ಬಿಚ್ಚುವಾಗ ಅತ್ತೆಯ ಕೈ ಒಮ್ಮೆ ಹಿಂದೆ ಸರಿಯಿತು. ಆಮೇಲೆ ಸರಸರ ಕೆಲಸ. ನಾನು ಎಣ್ಣೆಯ ಶೀಶೆ ಮುಂದೆ ಸರಿಸಿದರೆ, "ಇದಕ್ಯಾಕವ್ವ ಎಣ್ಣೆ, ಅದರ ನೆಣದಲ್ಲೇ ಅದು ಬೇಯ್ತದೆ" ಎಂದರು. ಅರಿಶಿನ, ಉಪ್ಪು ಹಾಕಿ ಮುಚ್ಚಿಟ್ಟು, ನೆಣ ಬಿಟ್ಟುಕೊಂಡ ಮೇಲೆ ಹಸಿಮೆಣಸಿನಕಾಯಿ, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ ಅರೆದದ್ದನ್ನು ಹಾಕಿದರು. ಮೆಂತ್ಯದ ಸೊಪ್ಪನ್ನು ಕೊನೆಯಲ್ಲಿ ಹಾಕಬೇಕೆನ್ನುವುದೂ ಅವರಿಗೆ ಗೊತ್ತಿತ್ತು. ಹರಕೆ ಹೊತ್ತ ಹೆಂಗಸಿಗೆ ಇದೆಲ್ಲ ಹೇಗೆ ತಿಳಿಯಿತು ಎಂದು ನಾನು ಮರಕ್ಕೊರಗಿ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ತೋಟದ ದಾರಿಯಲ್ಲಿ ಒಂದು ಟೆಂಪೋ ನಿಂತಿತು. ಚನ್ನಪಟ್ಟಣದ ಸಾಬರು ಇಳಿದರು. ಹುಳಗಳು ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುವವರು ಅವರು. ಬಿಳಿ ಗಡ್ಡ, ಮಾತಿನಲ್ಲಿ ಬಹಳ ಮೃದು. ಬಂದಾಗಲೆಲ್ಲ ನಮ್ಮಲ್ಲಿ ಊಟ ಮಾಡದೆ ಹೋದವರಲ್ಲ. ಹಂದಿಯ ಪಾತ್ರೆ ಹೊಸಿಲು ದಾಟದ ಮನೆ ಎನ್ನುವುದು ಅವರಿಗೆ ಗೊತ್ತಿತ್ತು, ಅತ್ತೆಯ ಮುದ್ದೆ ಸೊಪ್ಪಿನ ಸಾರೆಂದರೆ ಅವರಿಗೆ ಪ್ರಾಣ. ಆವತ್ತು ಅತ್ತೆ ದೂರದಿಂದಲೇ ಎರಡೂ ಕೈ ಎತ್ತಿ ಕೂಗಿದರು.

"ಸಾಬ್ರೇ, ಅಲ್ಲೇ ನಿಂತ್ಕಳಿ! ಇವತ್ತು ನಮ್ಮನೇಲಿ ಉಣ್ಣಬ್ಯಾಡಿ. ನನ್ನ ಕೈಲಿ ಹಂದಿ ಐತೆ."

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಮನೆಯಲ್ಲಿ ಅಡುಗೆ ಆಗಿಲ್ಲ ಎಂದೋ, ಊರಿಗೆ ಹೊರಟಿದ್ದೇವೆ ಎಂದೋ ಹೇಳಿ ಕಳಿಸಬಹುದಿತ್ತು. ಅತ್ತೆಗೆ ಅಂಥ ಬುದ್ಧಿ ಹೊಳೆಯುವುದೇ ಇಲ್ಲ. ಸಾಬರು ಗಾಳಿ ಬೀಸದ ಕಡೆಗೆ ನಾಲ್ಕು ಹೆಜ್ಜೆ ಸರಿದು ಬದುವಿನ ಮೇಲೆ ಕೂತರು.

"ನೀವು? ಹಂದಿ?" ಎಂದರು. "ನೀವು ತಿನ್ನಲ್ಲ ಅಲ್ವಾ ಅಮ್ಮ?"

"ನಾ ತಿನ್ನಕಿಲ್ಲ. ಸೊಸೆ ಬಸ್ರಿ. ಬ್ಯಾರೆ ಏನೂ ನಿಲ್ತಿಲ್ಲ ಅವಳಿಗೆ."

ಸಾಬರು ತಲೆಯಾಡಿಸಿದರು. ಅವರ ಮುಖದಲ್ಲಿ ಹೇಸಿಗೆಯೂ ಇರಲಿಲ್ಲ, ದೊಡ್ಡತನ ತೋರಿಸುವ ನಗುವೂ ಇರಲಿಲ್ಲ. ಅವರ ಆ ಸಮಾಧಾನ ನನಗೆ ಬಹಳ ಹಿಡಿಸಿತು. ನನ್ನ ಹಳೆಯ ಚಾಳಿ ಎಲ್ಲಿ ಹೋದೀತು, ಅಂಥ ಸ್ಥಿತಿಯಲ್ಲೂ ಕೇಳಿಯೇಬಿಟ್ಟೆ. "ತಾತ, ನಿಮ್ಮಲ್ಲಿ ಇದನ್ನ ಯಾಕೆ ತಿನ್ನಲ್ಲ?"

"ಕಿತಾಬಲ್ಲಿ ಬೇಡ ಅಂತ ಇದೆ ಮಗ. ನಾನೂ ಬೇಡ ಅಂತೀನಿ. ಗಲೀಜು ಅಂತಾರೆ, ರೋಗ ಅಂತಾರೆ, ಅದೆಲ್ಲ ಜನ ಆಮೇಲೆ ಸೇರಿಸ್ಕೊಂಡಿದ್ದು. ನಮ್ಮಪ್ಪ ಮುಟ್ಟಲಿಲ್ಲ, ನಾನು ಮುಟ್ಟಲ್ಲ. ಬೇಡ ಅಂದಿದ್ದನ್ನ ಬೇಡ ಅನ್ನೋಕೆ ಕಾರಣ ಯಾಕೆ?" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಾನು ತಿನ್ನಲ್ಲ ಅಂತ ಈ ಮಗು ಉಪವಾಸ ಇರೋದಾ? ಬಸುರಿ ಹೊಟ್ಟೆಗೆ ಹಾಕೋದು ಸವಾಬಿನ ಕೆಲಸ ಅಮ್ಮ, ಮೇಲಿರೋನು ಅದನ್ನ ಪುಣ್ಯದ ಕಡೆಗೇ ಬರ್ಕೋತಾನೆ. ನೀವು ಮಾಡಿ" ಎಂದರು. ಚಂದ್ರಿಕೆಗಳನ್ನು ತಾವೇ ಇಳಿಸಿ, ನಮ್ಮ ತೆಂಗಿನ ಮರದಿಂದ ಟೆಂಪೋದವನ ಕೈಯಲ್ಲಿ ಎಳನೀರು ಕೆಡವಿಸಿ ತಾವೇ ಕೊಚ್ಚಿಕೊಂಡು ಕುಡಿದರು. "ಊಟ ಬಾಕಿ ಇಟ್ಕೊಳಿ" ಎಂದು ಹೇಳಿ ಹೋದರು.

ಬಾಡು ಬೆಂದಿತು. ಉಪ್ಪು ನೋಡುವುದು ನನ್ನ ಕೆಲಸ. ಅಂಗೈಗೆ ಒಂದು ತೊಟ್ಟು ಹಾಕಿದರು. ನಾಲಿಗೆಗೆ ತಾಕಿದ್ದೇ ನನಗೆ ಅಳು ಬಂತು. ಅವ್ವನದ್ದಕ್ಕಿಂತ ಒಂದು ಕೈ ಮೇಲೆ ಅನ್ನುವುದನ್ನು ಅವ್ವ ಇರುವವರೆಗೂ ನಾನು ಹೇಳಲಿಲ್ಲ. ಅತ್ತೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನನ್ನ ಬಾಯಿಗೆ ತಾವೇ ಇಟ್ಟರು. ಒಂದು ತುತ್ತಿಟ್ಟು ನನ್ನ ಮುಖ ನೋಡುವುದು, ಗಂಟಲು ಇಳಿಯುವವರೆಗೆ ಕಾಯುವುದು, ಇನ್ನೊಂದು ಇಡುವುದು. ಇಡೀ ಮುದ್ದೆ ಹೋಯಿತು.

"ತೊಳಸ್ತದಾ?"

"ಇಲ್ಲ ಅತ್ತೆ."

"ಒಸಿ ಹೊತ್ತು ನೋಡಾನ" ಎಂದು ಎದುರಿಗೇ ಕೂತರು. ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಹೋಯಿತು. ಹುಳದ ಮನೆ ಬಿಟ್ಟು ಅಷ್ಟು ಹೊತ್ತು ಸುಮ್ಮನೆ ಕೂತ ಅತ್ತೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಊಟ ಹೊಟ್ಟೆಯಲ್ಲಿ ನಿಂತಿತು. ಆವತ್ತು ಸಂಜೆ ಅವರು ತೊಟ್ಟಿಯ ನೀರಲ್ಲಿ ತಲೆಗೆ ಹುಯ್ದುಕೊಂಡು, ಸೀರೆ ಬದಲಿಸಿ, ಹುಳದ ಮನೆಗೆ ಹೋದರು.

ಎರಡು ಮೂರು ದಿನಕ್ಕೊಮ್ಮೆ ಇದೇ ನಡೆಯಿತು. ಹುಳಗಳು ಹಣ್ಣಾಗಿ, ಚಂದ್ರಿಕೆ ಏರಿ, ಗೂಡು ಕಟ್ಟಿ ಮುಗಿಸಿದವು. ಹಂದಿ ಒಳಗಿಳಿದ ಮೇಲೆ ನಿಧಾನವಾಗಿ ಗಂಜಿಯೂ ನಿಂತಿತು, ಮೊಸರನ್ನವೂ ನಿಂತಿತು. ಬಳೆ ಮಣಿಕಟ್ಟಿಗೆ ಇಳಿಯಿತು. ಆದರೆ ಮಗು ಇನ್ನೂ ಮಿಸುಕಿರಲಿಲ್ಲ. ಇಷ್ಟು ಹೊತ್ತಿಗೆ ಗೊತ್ತಾಗಬೇಕಿತ್ತಲ್ಲ ಎಂದು ಡಾಕ್ಟರಮ್ಮ ಅಂದದ್ದು ನಮ್ಮಿಬ್ಬರ ತಲೆಯಲ್ಲೂ ಕೂತಿತ್ತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದೆ. ಅತ್ತೆ ಏನೂ ಕೇಳುತ್ತಿರಲಿಲ್ಲ, ಬೆಳಗ್ಗೆ ಎದ್ದಾಗ ನನ್ನ ಮುಖ ಮಾತ್ರ ನೋಡುತ್ತಿದ್ದರು.

ಹಾಗೊಂದು ಮಧ್ಯಾಹ್ನ, ಮೋಟರ್ ಮನೆಯ ಹತ್ತಿರ ಅವರು ತುಂಡುಗಳನ್ನು ಮಸಾಲೆಯಲ್ಲಿ ಕಲಸುತ್ತಿದ್ದಾಗ ನಾನು ಕೇಳಿದೆ. "ಅತ್ತೆ, ಇಷ್ಟು ಚೆನ್ನಾಗಿ ಮಾಡೋಕೆ ಬತ್ತದೆ ನಿಮಗೆ. ನೀವು ತಿಂತಿದ್ದಿರಿ ಅಲ್ವಾ?"

"ತಿಂತಿದ್ದೆ" ಎಂದರು. "ನಮ್ಮೂರು ಕಬ್ಬಾಳಿನ ತಾವ. ನಿನ್ನಂಗೇ ತಿಂತಿದ್ದೆ ಕಣವ್ವ, ನಿನಗಿಂತ ಹೆಚ್ಚು."

"ಮತ್ತೆ ಯಾಕೆ ಬಿಟ್ರಿ?"

ಕೈ ಪಾತ್ರೆಯೊಳಗೇ ನಿಂತಿತು. ನನ್ನ ಗಂಡನಿಗಿಂತ ಮೊದಲು ಒಬ್ಬ ಮಗ ಇದ್ದದ್ದು, ಜ್ವರದಲ್ಲಿ ಹೋದದ್ದು ನನಗೆ ಗೊತ್ತಿತ್ತು. ಅದರಾಚೆಗೆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅತ್ತೆಯೇ ಎತ್ತಿದರು. ಆಗ ಹಂದಿಗಳು ಊರ ತುಂಬ ಇದ್ದವಂತೆ. ಮಗುವಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಹಂದಿ ಬಾಡೆಂದರೆ ಅವನಿಗೂ ಇಷ್ಟ, ಅತ್ತೆಯ ತೊಡೆಯ ಮೇಲೆ ಕೂತು ತಿನ್ನುತ್ತಿದ್ದ. ಒಂದು ದಿನ ಹಾಗೇ ತಿಂದು ಮಲಗಿದವನಿಗೆ ಸುಡುವ ಜ್ವರ, ಕತ್ತು ಸೆಟೆದುಕೊಂಡಿತು, ಫಿಟ್ಸ್ ಬಂತು. ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರು. ಮೆದುಳು ಜ್ವರ ಎಂದರು. ಉಳಿಯಲಿಲ್ಲ. ಅದು ಹಂದಿಯಿಂದ ಬರುವ ಕಾಯಿಲೆ ಎಂದು ಊರೆಲ್ಲ ಗುಲ್ಲಾಗಿ, ಪಂಚಾಯಿತಿಯವರು ಹಂದಿಗಳನ್ನೆಲ್ಲ ಊರಾಚೆ ಹೊಡೆಸಿದರು.

"ಡಾಕ್ಟ್ರು ಕೂರಿಸ್ಕಂಡು ಹೇಳುದ್ರು ಕಣವ್ವ. ತಿಂದ್ರೆ ಬರೋದಲ್ಲ ತಾಯಿ, ಹಂದಿಗೆ ಕಚ್ಚಿದ ಸೊಳ್ಳೆ ಮಗೀಗೂ ಕಚ್ಚೈತೆ, ಅದ್ರಿಂದ ಬಂದದ್ದು, ನಿನ್ನ ಅಡಿಗೇದು ತಪ್ಪಿಲ್ಲ ಅಂದ್ರು. ಕಿವಿ ಕೇಳ್ತು. ಕೈ ಕೇಳ್ಬೇಕಲ್ಲ? ಈ ಕೈಯಲ್ಲೇ ಕಲಸಿ ಇಟ್ಟಿದ್ದೆ ಅವನ ಬಾಯಿಗೆ. ಆಮ್ಯಾಕೆ ಇದನ್ನ ಮುಟ್ಟೋಕೆ ಆಗ್ಲಿಲ್ಲ."

ಸೊಳ್ಳೆ ಐತಾ ಎಂದು ಕೇಳಿದ್ದಕ್ಕೆ ನಾವು ಗಂಡ ಹೆಂಡತಿ ನಕ್ಕಿದ್ದು ನೆನಪಾಯಿತು. ಮುಟ್ಟಲಾಗದ್ದನ್ನು ಮುಟ್ಟಿ, ತೊಳೆದು, ಬೇಯಿಸಿ, ಅದೇ ಕೈಯಿಂದ ನನ್ನ ಬಾಯಿಗಿಟ್ಟು, ಪ್ರತಿ ತುತ್ತಿಗೂ ಏನಾಗುತ್ತದೋ ಎಂದು ನನ್ನ ಮುಖ ನೋಡುತ್ತ ಕೂತಿದ್ದ ಈ ಹೆಂಗಸಿನ ಧೈರ್ಯ ಎಂಥದ್ದು! ಅವರ ಕಾಲು ಹಿಡಿಯಬೇಕೆನಿಸಿತು. ಬಗ್ಗಲು ಹೋದೆ.

ಬಗ್ಗಿದಾಗ ಹೊಟ್ಟೆಯೊಳಗೆ ಏನೋ ತಟ್ಟಿತು. ಒಳಗಿನಿಂದ ಯಾರೋ ಬೆರಳಲ್ಲಿ ಮೀಟಿದ ಹಾಗೆ. ನಾನು ಹಾಗೇ ನಿಂತೆ. ಮತ್ತೆ ಬಂತು.

"ಅತ್ತೆ, ಕೈ ಕೊಡಿ, ಬೇಗ!" ಎಂದು ಅವರ ಮುಂಗೈಯನ್ನು ಎಳೆದೆ.

ಅವರು ಕೈ ಕಿತ್ತುಕೊಂಡರು. "ಬ್ಯಾಡ ಬ್ಯಾಡ. ಹಂದಿ ಕೈ ಕಣವ್ವ" ಎಂದು ತೊಟ್ಟಿಯ ಕಡೆಗೆ ಓಡಿದರು. ಮಣ್ಣು ಹಾಕಿ ತಿಕ್ಕಿದರು, ಒಲೆಯ ಬೂದಿ ತಂದು ತಿಕ್ಕಿದರು, ಹುಣಸೆಹಣ್ಣು ಹಾಕಿ ತಿಕ್ಕಿದರು. ಸಾಕು ಬನ್ನಿ ಅತ್ತೆ ಎಂದು ನಾನು ಕೂಗುತ್ತಲೇ ಇದ್ದೆ. ಅವರು ಸೀರೆಗೆ ಕೈಯೊರೆಸಿಕೊಂಡು, ಮೂಸಿ ನೋಡಿಕೊಂಡು, ಮತ್ತೆ ಹೋಗಿ ತೊಳೆದು ಬಂದರು. ಅಷ್ಟರಲ್ಲಿ ಒಳಗೆ ಎಲ್ಲ ಸುಮ್ಮನಾಗಿತ್ತು.

ನನ್ನ ಮುಂದೆ ಮಂಡಿಯೂರಿ ಕೂತು, ತಣ್ಣಗಿನ ಒದ್ದೆ ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟರು. ನಾವಿಬ್ಬರೂ ಕಾದೆವು. ಒಲೆ ಸುಮ್ಮನೆ ಉರಿಯುತ್ತಿತ್ತು, ಕಲಸಿಟ್ಟ ಬಾಡಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮಗು ಅವರ ಅಂಗೈಗೆ ಸರಿಯಾಗಿ ಒದೆಯಿತು.

ಅತ್ತೆ ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡರು.

"ಐತೆ" ಎಂದರು. "ಐತೆ ಕಣವ್ವ, ಐತೆ."